ಕೆಂಪು ಎಳೆಯ ಗಂಟು

ಎಡಪ್ಪಾಡಿಯಿಂದ ಒಂದೂವರೆ ಮೈಲಿ ಆಚೆಗಿದ್ದ ಕೆಳಬೀದಿಯಲ್ಲಿ ಸಪ್ಪಲಮ್ಮನಷ್ಟು ಪುಕ್ಕಲು ಹೆಂಗಸು ಇನ್ನೊಬ್ಬಳಿರಲಿಲ್ಲ. ಹಳಿಯುವ ಮಾತಲ್ಲ ಇದು, ಅವಳೇ ಒಪ್ಪಿಕೊಂಡಿದ್ದ ಸಂಗತಿ. ಬೆಕ್ಕು ಹಾರಿದರೆ ಬೆಚ್ಚುವಳು. ಕಂದಾಯದ ಚಾಕರ ಬೀದಿಯ ಆ ತುದಿಯಲ್ಲಿ ಕಾಣಿಸಿದರೆ ಈ ತುದಿಯಲ್ಲಿ ಇವಳ ಮನೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನಾಲ್ಕು ವರ್ಷದ ಕೆಳಗೆ ಗಂಡ ಮಾರಿಯಪ್ಪ ವಾಂತಿಭೇದಿಯಲ್ಲಿ ಹೋದ ಮೇಲಂತೂ ಒಂದು ಮಗ್ಗ, ಕಣ್ಣು ಕಾಣದ ಅತ್ತೆ ಮಾದಮ್ಮ, ಮತ್ತು ಈ ಭಯ, ಇಷ್ಟೇ ಅವಳ ಸಂಸಾರ. ಆದರೆ ಮಗ್ಗವನ್ನು ಮಾತ್ರ ಅವಳು ಒಂದು ದಿನವೂ ಖಾಲಿ ಬಿಟ್ಟವಳಲ್ಲ. ಅತ್ತೆ ಕೈತಡವಿ ಲಾಳಿಯ ಕಂಡಿಕೆಗೆ ನೂಲು ಸುತ್ತಿ ಕೊಡುವಳು, ಇವಳು ಲಾಳಿ ಹಾರಿಸುವಳು. ದಿನ ಕಳೆಯುತ್ತಿತ್ತು.

ಈ ಭಯ ಹುಟ್ಟಿನಿಂದ ಬಂದದ್ದೂ ಅಲ್ಲ. ಅದಕ್ಕೊಂದು ಊರಿತ್ತು, ಒಂದು ದಿನವಿತ್ತು. ಊರು ಹರೂರು, ಅವಳ ತವರು. ಆಗ ಅವಳಿಗೆ ಒಂಬತ್ತು ವರ್ಷ.

ನೇಕಾರರಲ್ಲದವರಿಗೆ ಇದನ್ನು ಕೊಂಚ ಬಿಡಿಸಿ ಹೇಳಬೇಕು. ಹಾಸು, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ ನೂಲು, ಮಗ್ಗಕ್ಕೇರುವ ಮುಂಚೆ ಗಂಜಿ ಕುಡಿಯಬೇಕು. ನೇಕಾರರ ಬೀದಿಯ ಹಿಂದೆ ಹುಣಸೆಮರಗಳ ನಡುವೆ ಪಾವಡಿ ಎಂಬ ಉದ್ದನೆಯ ಬಯಲಿರುತ್ತದೆ. ನಸುಕಿನಲ್ಲೇ ಹಾಸನ್ನು ಅಲ್ಲಿ ಬಿಚ್ಚಿ, ಅಡ್ಡಡ್ಡ ಕೋಲು ತೂರಿಸಿ, ಹತ್ತು ಹನ್ನೆರಡು ಜನ ಆ ಕೋಲುಗಳನ್ನು ಹಿಡಿದು ಬಿಗಿಯಾಗಿ ನಿಲ್ಲಬೇಕು. ಗಂಜಿ ಎರಚಿ, ಇಬ್ಬರು ಈ ತುದಿಯಿಂದ ಆ ತುದಿಗೆ ಕುಂಚ ಎಳೆಯುತ್ತ ಓಡಾಡಬೇಕು. ಬಿಸಿಲು ಏರುವುದರೊಳಗೆ ಎಲ್ಲ ಮುಗಿಯಬೇಕು. ಇದಕ್ಕೆ ಕೂಲಿ ಇಲ್ಲ. ಇವತ್ತು ನನ್ನ ಹಾಸು ನೀನು ಹಿಡಿ, ನಾಳೆ ನಿನ್ನ ಹಾಸು ನಾನು ಹಿಡಿಯುತ್ತೇನೆ. ಒಬ್ಬನೇ ಮಗ್ಗ ನೇಯಬಹುದು, ಒಬ್ಬನೇ ಹಾಸು ನೂಲಿಗೆ ಗಂಜಿ ಹಾಕಲಾರ, ಅವನು ಎಂಥ ಶೂರನೇ ಆಗಿರಲಿ.

ಸಪ್ಪಲಮ್ಮನ ಅಪ್ಪ ಹರೂರಿನ ಪಂಚಾಯಿತಿ ಕಟ್ಟೆಯ ಮೇಲೆ ಯಾವುದೋ ಹೆಣ್ಣಿನ ನ್ಯಾಯದಲ್ಲಿ ಬೀದಿಯ ಎಜಮಾನನಿಗೆ ಎದುರಾಗಿ ಒಂದು ಮಾತಾಡಿದ. ಒಂದೇ ಮಾತು. ಮಾರನೆಯ ದಿನ ಅವನ ಹಾಸು ಹಿಡಿಯಲು ಯಾರೂ ಬರಲಿಲ್ಲ. ಅಪ್ಪ, ಅವ್ವ, ಒಂಬತ್ತರ ಇವಳು, ಮೂವರೇ ಒಂದು ತುದಿಯನ್ನು ಮರಕ್ಕೆ ಕಟ್ಟಿ ಹೆಣಗಿದರು. ಸೂರ್ಯ ಯಾರಿಗೂ ಕಾಯಲಿಲ್ಲ. ಗಂಜಿ ಒಣಗಿತು, ಎಳೆಗೆ ಎಳೆ ಅಂಟಿ ಹಾಸು ಹಪ್ಪಳವಾಯಿತು, ಮುಟ್ಟಿದರೆ ಪಟಪಟ ಮುರಿಯುತ್ತಿತ್ತು. ಬೀದಿಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೈಯಲಿಲ್ಲ, ನಗಲೂ ಇಲ್ಲ. ನಾಲ್ಕು ದಿನಕ್ಕೆ ಅಪ್ಪ ಏರ್ಕಾಡಿನ ಕಾಫಿ ತೋಟಕ್ಕೆ ಕೂಲಿಗೆಂದು ಹೋದವನು ತಿರುಗಿ ಬರಲಿಲ್ಲ. ಅವ್ವ ಕಂಡವರ ಮನೆಯಲ್ಲಿ ಹಿಟ್ಟು ಬೀಸಿದಳು. ಬಾಯಿ ಇರುವುದು ಉಣ್ಣುವುದಕ್ಕೆ ಎಂಬ ಪಾಠವನ್ನು ಸಪ್ಪಲಮ್ಮ ಅಲ್ಲಿ ಕಲಿತಳು.

ಹದಿನೈದಕ್ಕೆ ಮದುವೆಯಾಗಿ ಕೆಳಬೀದಿಗೆ ಬಂದಾಗ ಅವಳಿಗೆ ನೆಟ್ಟಗೆ ಗಂಟು ಹಾಕಲೂ ಬರುತ್ತಿರಲಿಲ್ಲ. ತುಂಡಾದ ಎಳೆಗೆ ಅವಳು ಹಾಕಿದ ಗಂಟು ಮಗ್ಗದ ಬಾಚಣಿಗೆಯಂಥ ಅಚ್ಚಿನ ಹಲ್ಲಿಗೆ ಸಿಕ್ಕಿ ಬಿಚ್ಚಿಕೊಳ್ಳುತ್ತಿತ್ತು, ಅತ್ತೆ ತಲೆಗೆ ಮೊಟಕುತ್ತಿದ್ದಳು. ಪಕ್ಕದ ಗೋಡೆಯಾಚೆ ಇದ್ದದ್ದು ಬೀದಿಯ ಎಜಮಾನ ಚಿಕ್ಕಮುನಿಯಪ್ಪನ ಮನೆ. ಅವನ ಹೆಂಡತಿ ಗಂಗಲಕ್ಷ್ಮಮ್ಮ ಪಾಪಿರೆಡ್ಡಿಪಟ್ಟಿಯವಳು. ಮೊಟಕಿದ ಸದ್ದು ಕೇಳಿ ಕೇಳಿ ಒಂದು ದಿನ ಹಿತ್ತಿಲಿಗೆ ಕರೆದಳು.

“ಬಾರೇ ಇಲ್ಲಿ. ನಮ್ಮ ತವರಿನ ಗಂಟು ತೋರಿಸ್ತೀನಿ. ಎಲ್ಡು ಸುತ್ತು, ಬಾಲನ ಒಳಕ್ಕೆ ಮಡಚು. ಅಚ್ಚಲ್ಲ, ಅಚ್ಚಿನಪ್ಪ ಬಂದ್ರೂ ಬಿಚ್ಚಾಕಾಗಲ್ಲ.”

ರಾಗಿಕಾಳಿಗಿಂತ ಸಣ್ಣ ಗಂಟು ಅದು. ಸಪ್ಪಲಮ್ಮ ಮೂರು ದಿನದಲ್ಲಿ ಕಲಿತಳು. ಆಮೇಲೆ ಅದು ಅವಳ ಬೆರಳಿಗೇ ಅಂಟಿಕೊಂಡಿತು. ಸುಮ್ಮನೆ ಕೂತಾಗಲೂ ಸೆರಗಿನ ದಾರ ಸಿಕ್ಕರೆ ಬೆರಳು ತಾನೇ ಎರಡು ಸುತ್ತು ಸುತ್ತಿ ಬಾಲ ಮಡಚುತ್ತಿತ್ತು. ನೇಕಾರರ ಬೆರಳಿಗೆ ಬಿಡುವು ಅನ್ನುವುದಿಲ್ಲ.

ಸಾವಿರದ ಒಂಬೈನೂರ ಮೂವತ್ತೇಳನೆಯ ಇಸವಿಯ ಪಂಗುನಿ ತಿಂಗಳು, ಮಾರ್ಚಿಯ ಕೊನೆ. ಸೀಮೆಗೆಲ್ಲ ದೊಡ್ಡ ಎಲೆಕ್ಷನ್ ಮುಗಿದು ತಿಂಗಳಾಗಿತ್ತಷ್ಟೆ. ಬಣ್ಣ ಬಣ್ಣದ ಪೆಟ್ಟಿಗೆಗಳ ಮಾತು ಇನ್ನೂ ಜನರ ಬಾಯಲ್ಲಿತ್ತು. ಅಷ್ಟರಲ್ಲಿ ನೇಕಾರರ ಸಂಘದ ಪ್ರೆಸಿಡೆಂಟು ಮುದುಕ ತೀರಿಕೊಂಡ. ಸಂಘದಲ್ಲಿ ಅರವತ್ತೊಂದು ಮಗ್ಗ: ಕೆಳಬೀದಿಯ ಕನ್ನಡದ ಮನೆಗಳದು ನಲವತ್ತು, ಮೇಲ್ಬೀದಿಯ ತೆಲುಗು ಮನೆಗಳದು ಇಪ್ಪತ್ತೊಂದು. ದೇವಿ ಒಬ್ಬಳೇ, ಕಸುಬು ಒಂದೇ, ಆದರೂ ಹೆಣ್ಣು ಕೊಟ್ಟು ತರುವ ಮಾತಿಲ್ಲ, ಒಬ್ಬರ ಹಾಸನ್ನು ಇನ್ನೊಬ್ಬರು ಹಿಡಿಯುವ ಮಾತಿಲ್ಲ.

ಖಾಲಿಯಾದ ಕುರ್ಚಿಗೆ ಇಬ್ಬರು ನಿಂತರು. ಒಬ್ಬ ಪೊನ್ನುಸ್ವಾಮಿ, ಎಜಮಾನ ಚಿಕ್ಕಮುನಿಯಪ್ಪನ ತಮ್ಮನ ಮಗ. ಇಪ್ಪತ್ತಾರು ವರ್ಷ, ಕ್ರಾಪು ತಲೆ, ಕೈಗೆ ಗಡಿಯಾರ. ಎರಡು ದಿನ ಒಟ್ಟಿಗೆ ಲಾಳಿ ಎಸೆದವನಲ್ಲ. ಇನ್ನೊಬ್ಬಳು ಮೇಲ್ಬೀದಿಯ ಮುತ್ಯಾಲಮ್ಮ. ಸಂಘದ ಕಾರ್ಯದರ್ಶಿಯಾಗಿದ್ದ ಅವಳ ಗಂಡ ಪಾರ್ಶ್ವವಾಯು ಹೊಡೆದು ಮಲಗಿ ಹನ್ನೊಂದು ವರ್ಷ. ಅಂದಿನಿಂದ ಹೆಸರು ಅವನದು, ಕೆಲಸ ಇವಳದು. ಸೇಲಂಗೆ ಹೋಗಿ ನೂಲು ಆರಿಸುವವಳು ಇವಳೇ. ಎಳೆಯನ್ನು ಹಲ್ಲಲ್ಲಿ ಕಚ್ಚಿ ಎಳೆದು ಇದು ಎಷ್ಟನೇ ನಂಬರು, ಎಷ್ಟು ದಿನ ಗಾಳಿಗೆ ಬಿದ್ದದ್ದು ಎಂದು ಹೇಳುವಳು. ಗಂಡ ಸತ್ತ ಹೆಂಗಸಿನ ಮಗ್ಗವನ್ನು ಅವಳ ಹೆಸರಿಗೇ ಬರೆಯಬೇಕು, ಮೈದುನನ ಹೆಸರಿಗಲ್ಲ ಎಂದು ಹಟ ಹಿಡಿದು ಬರೆಸಿದವಳೂ ಇವಳೇ. ಸಪ್ಪಲಮ್ಮನಿಗೆ ಓಟು ಬಂದದ್ದು ಹಾಗೆ. ಅವಳೇನು ಕೇಳಿಕೊಂಡಿರಲಿಲ್ಲ ಪಾಪ. ಬಂದದ್ದನ್ನು ಬಿಸಿತುಪ್ಪದ ಹಾಗೆ ಬಾಯಲ್ಲಿಟ್ಟುಕೊಂಡು ಕೂತಿದ್ದಳು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಕೆಳಬೀದಿಯ ಜಗಲಿಗಳಲ್ಲಿ ಹದಿನೈದು ದಿನ ಇದೇ ಮಾತು.

“ಎಂಗಸು ಕುರ್ಚಿ ಮೇಲೆ ಕೂತ್ರೆ ನಾವು ಎದುರಿಗೆ ನಿಂತ್ಕಂಡು ಕೈ ಕಟ್ಕೋಬೇಕೇನ್ಲಾ?”

“ಅದ್ರಾಗೂ ತೆಲುಗಿನೋಳು. ನಾಳೆ ಒಳ್ಳೆ ನೂಲೆಲ್ಲ ಮೇಲ್ಬೀದಿಗೆ, ಕಸ ನಮಗೆ.”

“ಅನುಭವ ಐತಲ್ಲಪ್ಪ ಅವಳಿಗೆ.”

“ಅನುಭವ ನಮ್ಮ ಎಮ್ಮೆಗೂ ಐತೆ. ಕೂರಿಸ್ಲಾ ಕುರ್ಚಿ ಮೇಲೆ?”

ಎಲ್ಲರೂ ನಗುತ್ತಿದ್ದರು. ನಕ್ಕವರಲ್ಲಿ ಅರ್ಧ ಜನ ಹೋದ ವರ್ಷ ಅತ್ತವರೇ. ಮುತ್ಯಾಲಮ್ಮ ಜ್ವರದಿಂದ ಎರಡು ತಿಂಗಳು ಮಲಗಿದಾಗ ಪೊನ್ನುಸ್ವಾಮಿ ಸೇಲಂನಿಂದ ನೂಲು ತಂದಿದ್ದ. ಮೊಳಕ್ಕೆ ಮೂರು ಕಡೆ ತುಂಡಾಗುವ ನೂಲು. ಸಪ್ಪಲಮ್ಮ ಕೇಳಲು ಹೋದರೆ “ನೂಲು ನೂಲೇ, ಪೋಮ್ಮಾ” ಎಂದು ಅಟ್ಟಿಬಿಟ್ಟಿದ್ದ. ಆ ಎರಡು ತಿಂಗಳು ಅವಳು ದಿನಕ್ಕೆ ನೂರಾರು ಗಂಟು ಹಾಕಿದಳು. ಉಗುರ ಸಂದಿಯಲ್ಲಿ ರಕ್ತ ಒಸರಿ ಬಿಳಿ ಸೀರೆಗೆ ತಾಗಿ, ಆ ಸೀರೆ ವಾಪಸು ಬಂತು. ಹಾಗಾಗಿ ಯಾರು ಪ್ರೆಸಿಡೆಂಟಾಗಬೇಕು ಎಂಬುದು ಅವಳ ಬೆರಳಿಗೆ ಗೊತ್ತಿತ್ತು. ತಲೆಗೆ ಬೇರೆ ಯೋಚನೆ.

ಯಾಕೆಂದರೆ ಓಟಿಗೆ ಮೂರು ದಿನ ಇರುವಾಗ ಎಜಮಾನ ಚೌಡಮ್ಮನ ಗುಡಿ ಮುಂದೆ ಬೀದಿಯವರನ್ನೆಲ್ಲ ಸೇರಿಸಿದ. ದೇವಿಯ ಅಲಗನ್ನು, ಆಣೆಯಿಡುವ ಕತ್ತಿಯನ್ನು, ತಂದು ಕಲ್ಲಿನ ಮೇಲೆ ಇಟ್ಟ. ದನಿ ಏರಿಸಲಿಲ್ಲ, ಅವನು ಯಾವತ್ತೂ ಏರಿಸುತ್ತಿರಲಿಲ್ಲ.

“ನಮ್ಮ ಬೀದಿ ಗಂಡು ನಿಂತವ್ನೆ. ಅವನ್ನ ಬಿಟ್ಟು ಆ ಕಡೆ ಓಟು ಹಾಕಿದೋರು ಯಾರೇ ಆಗ್ಲಿ, ಅವರ ಹಾಸು ಪಾವಡೀಲಿ ಯಾರೂ ಹಿಡಿಯಂಗಿಲ್ಲ. ನನ್ನ ಮನೆಯೋರೇ ಆದ್ರೂ ಅಷ್ಟೇ. ಅಲಗಿನ ಮುಂದೆ ಹೇಳಿದೀನಿ.”

ಹೆಂಗಸರ ಸಾಲಿನಲ್ಲಿ ನಿಂತಿದ್ದ ಸಪ್ಪಲಮ್ಮ ಕಣ್ಣು ಮುಚ್ಚಿಕೊಂಡಳು. ಮೂವತ್ತು ವರ್ಷದ ಹಿಂದಿನ ಹರೂರಿನ ಬಿಸಿಲು ಕಣ್ಣಿಗೆ ಕಟ್ಟಿತು. ಅಪ್ಪನಿಗಾದರೂ ಓಡಿಹೋಗಲು ಏರ್ಕಾಡಿತ್ತು. ಕುರುಡಿ ಅತ್ತೆಯನ್ನು ಕಟ್ಟಿಕೊಂಡು ಇವಳು ಎಲ್ಲಿಗೆ ಓಡುವುದು? ಒಂದು ವಾರಕ್ಕೆ ಅವಳ ಹೊಸ ಹಾಸಿನ ಸರದಿ ಬೇರೆ ಇತ್ತು. ಪೊನ್ನುಸ್ವಾಮಿಗೇ ಹಾಕುತ್ತೇನೆ ತಾಯಿ ಎಂದು ಅಲಗಿನ ಮುಂದೆ ಮನಸ್ಸಿನಲ್ಲೇ ಹೇಳಿಕೊಂಡಳು. ಹೇಳಿದ್ದು ಪ್ರಾಮಾಣಿಕವಾಗಿಯೇ.

ಓಟು ನಡೆಸಲು ಸಹಕಾರ ಇಲಾಖೆಯಿಂದ ಒಬ್ಬ ಇನ್ಸ್‌ಪೆಕ್ಟರು ಬಂದ. ತಂಜಾವೂರು ಕಡೆಯವನು, ತಮಿಳು ಬಿಟ್ಟರೆ ಬೇರೆ ಬಾರದು, ಮಗ್ಗದ ಗುಂಡಿಯಲ್ಲಿ ಕಾಲಿಟ್ಟವನಲ್ಲ. ಒಳ್ಳೆಯ ಮನುಷ್ಯ. ಕೈಯೆತ್ತಿಸಿ ಎಣಿಸಿದರೆ ಜನ ಹೆದರುತ್ತಾರೆ, ಕಾಗದ ಕೊಟ್ಟರೆ ಓದಲು ಬರುವುದಿಲ್ಲ ಎಂದು ತಾನೇ ಒಂದು ಉಪಾಯ ಹುಡುಕಿದ. ಪ್ರತಿಯೊಬ್ಬರಿಗೂ ಒಂದು ಗೇಣು ಕೆಂಪು ನೂಲು, ಒಂದು ಗೇಣು ಬಿಳಿ ನೂಲು. ಕೆಂಪು ಮುತ್ಯಾಲಮ್ಮನಿಗೆ, ಬಿಳಿ ಪೊನ್ನುಸ್ವಾಮಿಗೆ. ಸಂಘದ ಕೋಣೆಯಲ್ಲಿ ಸೀರೆಯ ಪರದೆ, ಅದರ ಹಿಂದೆ ಎರಡು ಮಡಕೆ. ಬೇಕಾದ ಎಳೆ ದೊಡ್ಡ ಮಡಕೆಗೆ, ಬೇಡವಾದದ್ದು ಸಣ್ಣ ಮಡಕೆಗೆ.

“ನೂಲುಕ್ಕು ಪೇರ್ ಇಲ್ಲೆ, ಭಯಪ್ಪಡಾದೀಂಗ,” ಎಂದು ನಕ್ಕ. ನೂಲಿಗೆ ಹೆಸರಿಲ್ಲ, ಹೆದರಬೇಡಿ. ನೇಕಾರರೂ ಅವನ ಜೊತೆ ನಕ್ಕರು. ಹುಟ್ಟಿದಾಗಿನಿಂದ ನೂಲಿನಲ್ಲೇ ಹೊರಳಾಡಿದ ಅರವತ್ತೊಂದು ಜನರಲ್ಲಿ ಆ ಹೊತ್ತಿನಲ್ಲಿ ಒಬ್ಬರಿಗಾದರೂ ಇದರ ಅಪಾಯ ಹೊಳೆಯಲಿಲ್ಲವಲ್ಲ!

ಸಪ್ಪಲಮ್ಮನ ಸರದಿ ಬಂತು. ಬಲಗೈಯಲ್ಲಿ ಬಿಳಿ, ಎಡಗೈಯಲ್ಲಿ ಕೆಂಪು. ಪರದೆಯೊಳಗೆ ಹೋದಳು. ಒಳಗೆ ಮಬ್ಬು ಬೆಳಕು, ಎರಡು ಮಡಕೆ, ಇನ್ನೇನೂ ಇಲ್ಲ. ಯಾರೂ ಇಲ್ಲ. ಅತ್ತೆಯಿಲ್ಲ, ಎಜಮಾನನಿಲ್ಲ, ಬೀದಿಯ ಬಾಗಿಲುಗಳಿಲ್ಲ. ಮೂವತ್ತೊಂಬತ್ತು ವರ್ಷದಲ್ಲಿ ಯಾರ ಕಣ್ಣೂ ಇಲ್ಲದ ಜಾಗದಲ್ಲಿ ಅವಳು ನಿಂತದ್ದು ಅದೇ ಮೊದಲು. ಅವಳಿಗೆ ಅಳು ಬಂದಂತಾಯಿತು, ಯಾಕೆಂದು ತಿಳಿಯಲಿಲ್ಲ. ಎಷ್ಟು ಹೊತ್ತು ನಿಂತಳೋ. ಹೊರಗಿನಿಂದ “ಸೀಕ್ರಂ, ಅಮ್ಮಾ” ಎಂದು ಇನ್ಸ್‌ಪೆಕ್ಟರು ಅವಸರಪಡಿಸಿದಾಗ ಬಿಳಿಯನ್ನು ಸಣ್ಣ ಮಡಕೆಗೆ, ಕೆಂಪನ್ನು ದೊಡ್ಡ ಮಡಕೆಗೆ ಹಾಕಿ ಹೊರಗೆ ಬಂದುಬಿಟ್ಟಳು. ಹಾಕಿದವಳು ತಾನೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ.

ಮೆಟ್ಟಿಲಿಳಿಯುವಾಗ ಹೆಬ್ಬೆರಳಿನ ತುದಿಗೆ ಏನೋ ನೆನಪಾಯಿತು. ಆ ಕೆಂಪು ಎಳೆ ಬೆರಳಿಂದ ಜಾರುವಾಗ ನುಣ್ಣಗಿರಲಿಲ್ಲ. ಅದರಲ್ಲಿ ರಾಗಿಕಾಳಿಗಿಂತ ಸಣ್ಣದೊಂದು ಉಬ್ಬಿತ್ತು.

ಅವಳು ಮೆಟ್ಟಿಲಲ್ಲೇ ನಿಂತುಬಿಟ್ಟಳು. ಪರದೆಯೊಳಗೆ ಯೋಚಿಸುತ್ತ ನಿಂತಿದ್ದಷ್ಟೂ ಹೊತ್ತು ಬೆರಳು ತನ್ನ ಕೆಲಸ ಮಾಡಿ ಮುಗಿಸಿತ್ತು. ಎರಡು ಸುತ್ತು, ಬಾಲ ಒಳಕ್ಕೆ. ನೇಕಾರರಲ್ಲಿ ಗಂಟೆಂದರೆ ಮುಖವಿದ್ದ ಹಾಗೆ. ಯಾರ ಗಂಟು ಯಾರದೆಂದು ಸೀರೆಯ ಹಿಂಬದಿ ಸವರಿ ಹೇಳುವವರಿದ್ದರು. ಹಿಂದಕ್ಕೆ ಹೋಗಿ ಮಡಕೆಗೆ ಕೈ ಹಾಕಲೇ? ಪರದೆಯೊಳಗೆ ಆಗಲೇ ಇನ್ನೊಬ್ಬರು ಹೋಗಿದ್ದರು.

ಮಧ್ಯಾಹ್ನದವರೆಗೂ ಅವಳು ಸಂಘದ ಜಗಲಿಯ ಕೊನೆಯಲ್ಲಿ ಹೆಂಗಸರ ನಡುವೆ ಕೂತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಇವಳು ಹೆಬ್ಬೆರಳನ್ನು ಸೆರಗಿನಲ್ಲಿ ಸುತ್ತಿ ಬಚ್ಚಿಟ್ಟುಕೊಂಡಿದ್ದಳು. ಪಕ್ಕದಲ್ಲಿ ಗಂಗಲಕ್ಷ್ಮಮ್ಮ ಕೂತಿದ್ದಳು. ಅವಳಿಗೂ ಓಟಿತ್ತು. ತನ್ನ ಕಡೆಗೆ ಒಂದು ಓಟು ಹೆಚ್ಚಲಿ ಎಂದು ಎಜಮಾನನೇ ಎರಡನೆಯ ಮಗ್ಗವನ್ನು ಹೆಂಡತಿಯ ಹೆಸರಿಗೆ ಬರೆಸಿದ್ದ. “ಏನೇ ಸಪ್ಪಲಾ, ಚಳಿ ಜ್ವರವಾ? ನಡುಗ್ತಿದ್ದೀಯ,” ಎಂದು ಕೇಳಿದಳು. ಇಲ್ಲವೆಂದು ಇವಳು ತಲೆಯಾಡಿಸಿದಳು.

ಊಟದ ಹೊತ್ತಿಗೆ ದೊಡ್ಡ ಮಡಕೆಯನ್ನು ಚಾಪೆಯ ಮೇಲೆ ಬಗ್ಗಿಸಿದರು. ಇನ್ಸ್‌ಪೆಕ್ಟರು ಒಂದೊಂದೇ ಎಳೆ ಎತ್ತಿ ಕೆಂಪು ಒಂದು ಕಡೆ, ಬಿಳಿ ಒಂದು ಕಡೆ ಇಟ್ಟ. ಕೆಂಪು ಮೂವತ್ತೆರಡು, ಬಿಳಿ ಇಪ್ಪತ್ತೊಂಬತ್ತು. ಮುತ್ಯಾಲಮ್ಮ ಗೆದ್ದಳು ಎಂದು ಹೇಳಿ, ಪುಸ್ತಕದಲ್ಲಿ ಬರೆಯಲು ಒಳಗೆ ಹೋದ. ಅವನಿಗೆ ಅದು ಅಲ್ಲಿಗೆ ಮುಗಿದಿತ್ತು. ಬೀದಿಗೆ ಶುರುವಾದದ್ದು ಆಗ.

“ಮೇಲ್ಬೀದಿದು ಇಪ್ಪತ್ತೊಂದು,” ಎಂದ ಚಿಕ್ಕಮುನಿಯಪ್ಪ ಮೆಲ್ಲಗೆ. “ಮಿಕ್ಕ ಅನ್ನೊಂದು ಯಾರದು?”

ಅವನು ಚಾಪೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೆಂಪು ರಾಶಿಯನ್ನು ಬೆರಳಲ್ಲಿ ಕೆದಕಿದ. ಕೆದಕುತ್ತಿದ್ದ ಬೆರಳು ನಿಂತಿತು. ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದ.

“ಪಾಪಣ್ಣ, ಬಾ ಇಲ್ಲಿ.”

ಪಾಪಣ್ಣ ಮುದುಕ. ಹಳೆಯ ಹಾಸಿನ ತುದಿಗೆ ಹೊಸ ಹಾಸನ್ನು ಎಳೆಗೆ ಎಳೆ ಹೊಸೆದು ಕೂಡಿಸುವುದು ಅವನ ಕೆಲಸ. ಬೀದಿಯ ಮನೆ ಮನೆಯ ಮಗ್ಗಕ್ಕೂ ಅವನ ಕೈ ಬಿದ್ದಿತ್ತು, ಸಪ್ಪಲಮ್ಮನ ಮಗ್ಗ ಒಂದು ಬಿಟ್ಟು. ಆ ಮನೆಯ ಹಾಸನ್ನು ಮೊದಲು ಅವಳ ಗಂಡನೇ ಕೂಡಿಸಿಕೊಳ್ಳುತ್ತಿದ್ದ, ಅವನು ಹೋದ ಮೇಲೆ ಅವಳೇ. ಮುದುಕ ಎಳೆಯನ್ನು ಕಣ್ಣ ಹತ್ತಿರ ತಂದ, ಉಗುರಿನಿಂದ ಸವರಿದ. ಅವನ ಮುಖ ಇಳಿಯಿತು.

“ಬ್ಯಾಡ ಬಿಡಿ ಎಜಮಾನ್ರೆ.”

“ಯಾರ ಕೈ? ಬೊಗಳು.”

ಮುತ್ಯಾಲಮ್ಮ ಎದ್ದು ನಿಂತಳು. “ಎಣಿಕೆ ಮುಗೀತಲ್ಲ, ಎಜಮಾನ್ರೆ. ಗಂಟು ನೋಡಬೇಕು ಅಂತ ಯಾವ ಕಾನೂನಲ್ಲಿದೆ?”

“ಇದು ನಮ್ಮ ಬೀದಿ ವಿಷಯ. ನೀನು ನಿನ್ನ ಕುರ್ಚಿ ನೋಡ್ಕೊ,” ಎಂದ ಚಿಕ್ಕಮುನಿಯಪ್ಪ, ಅವಳ ಕಡೆ ತಿರುಗದೆ. “ಏನ್ಲಾ ಪಾಪಣ್ಣ?”

ಪಾಪಣ್ಣ ನೆಲ ನೋಡುತ್ತ ಹೇಳಿದ. “ನಿಮ್ಮ ಮನೆ ಮಗ್ಗದಾಗೆ ದಿನಾ ನೋಡೋ ಗಂಟು, ಎಜಮಾನ್ರೆ. ಈ ಪಾಪಿರೆಡ್ಡಿಪಟ್ಟಿ ಗಂಟು ಬೇರೆ ಯಾರ ಕೈಯಾಗೂ ನಾನು ನೋಡಿಲ್ಲ.”

ಸಪ್ಪಲಮ್ಮನಿಗೆ ಮೊದಲು ಬಂದದ್ದು, ಹೇಳಲು ನಾಚಿಕೆಯಾಗಬೇಕು, ನೆಮ್ಮದಿ. ಬದುಕಿದೆ ಎಂಬ ನೆಮ್ಮದಿ. ಆಮೇಲೆ ಅವಳ ಕಣ್ಣು ಬಿಳಿ ರಾಶಿಯ ಮೇಲೆ ಬಿತ್ತು. ಯಾರೂ ನೋಡದ ಆ ರಾಶಿಯಲ್ಲಿ, ಅಂಚಿನಲ್ಲೇ, ಇನ್ನೊಂದು ಗಂಟಿತ್ತು. ಎರಡು ಸುತ್ತು, ಬಾಲ ಒಳಕ್ಕೆ. ಗಂಗಲಕ್ಷ್ಮಮ್ಮನ ಬೆರಳೂ ಪರದೆಯೊಳಗೆ ಸುಮ್ಮನಿರಲಿಲ್ಲ. ಅವಳು ಗಂಡ ಹೇಳಿದವನಿಗೇ ಹಾಕಿದ್ದಳು, ಸಾಕ್ಷಿ ಅಲ್ಲೇ ಬಿದ್ದಿತ್ತು. ಬೆರಳು ತೋರಿಸಿದರೆ ಸಾಕು. ಆದರೆ ಬಿಳಿಯ ಗಂಟು ಅವಳದಾದರೆ ಕೆಂಪಿನದು ಯಾರದು ಎಂದು ಕೇಳುತ್ತಾರೆ. ಆಗ ಉತ್ತರ ಒಂದೇ.

ಗಂಗಲಕ್ಷ್ಮಮ್ಮ ಆ ಕೆಂಪು ಎಳೆಯನ್ನು ನೋಡಿದಳು. ಬಿಳಿ ರಾಶಿಯನ್ನು ನೋಡಿದಳು. ಆಮೇಲೆ ತಿರುಗಿ ಸಪ್ಪಲಮ್ಮನನ್ನು ನೋಡಿದಳು. ಬಹಳ ಹೊತ್ತೇನಲ್ಲ. ಸಪ್ಪಲಮ್ಮ ತಲೆ ತಗ್ಗಿಸಿದಳು.

“ಮನೆಗೆ ನಡಿ,” ಎಂದ ಚಿಕ್ಕಮುನಿಯಪ್ಪ ಹೆಂಡತಿಗೆ. ಇಬ್ಬರೂ ಹೋದರು, ಅವಳು ಮುಂದೆ, ಅವನು ಹಿಂದೆ. ಗುಡಿಸುವವಳು ಬಂದು ಕೆಂಪು ಬಿಳಿ ಎರಡನ್ನೂ ಒಟ್ಟಿಗೆ ಗುಡಿಸಿ ಒಲೆಗೆ ಹಾಕಿದಳು.

ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಸಪ್ಪಲಮ್ಮ ಮನೆಗೆ ಬಂದವಳೇ ಮಗ್ಗಕ್ಕೆ ಕೂತಳು. ಗೋಡೆಯಾಚೆ ಮೊದಲು ಅವನ ದನಿ, ಏರದ ದನಿ. ಆಮೇಲೆ ಏನೋ ಬಿದ್ದ ಸದ್ದು. ಕೋಲಿನ ಸದ್ದು. ಗಂಗಲಕ್ಷ್ಮಮ್ಮನ ಅಳು ಮಾತ್ರ ಇಲ್ಲ. ಅದೇ ಹೆಚ್ಚು ಭಯ ಹುಟ್ಟಿಸುತ್ತಿತ್ತು.

“ಯಾರ ಮನೇಲೇ ಅದು?” ಎಂದಳು ಕುರುಡಿ ಮಾದಮ್ಮ.

ಸಪ್ಪಲಮ್ಮ ಉತ್ತರ ಕೊಡದೆ ತುಳಿಮಣೆಯನ್ನು ಜೋರಾಗಿ ತುಳಿದಳು. ಲಾಳಿಯನ್ನು ಎಂದೂ ಎಸೆಯದಷ್ಟು ಜೋರಾಗಿ ಎಸೆದಳು. ಮಗ್ಗದ ಸದ್ದಿನಲ್ಲಿ ಆ ಸದ್ದು ಮುಳುಗಲಿ ಎಂದು ಸಂಜೆಯವರೆಗೂ ನೇಯ್ದಳು. ಅವಳ ಬಾಳಿನಲ್ಲಿ ಅಷ್ಟು ಉದ್ದ ಬಟ್ಟೆಯನ್ನು ಒಂದು ದಿನದಲ್ಲಿ ಅವಳು ನೇಯ್ದದ್ದಿಲ್ಲ.

ಗಂಗಲಕ್ಷ್ಮಮ್ಮನ ಬಲಗೈಯ ಮಣಿಕಟ್ಟು ಮುರಿದಿತ್ತು. ಬೀದಿಗೆಲ್ಲ ಗೊತ್ತಾಯಿತು, ಯಾರೂ ತಪ್ಪೆನ್ನಲಿಲ್ಲ. ಅಲಗಿನ ಮುಂದೆ ಹೇಳಿದ್ದನ್ನು ಎಜಮಾನ ತನ್ನ ಮನೆಯಲ್ಲೇ ನಡೆಸಿದ ಎಂದು ಕೆಲವರು ಮೆಚ್ಚಿಕೊಂಡದ್ದೂ ಉಂಟು. ಸಪ್ಪಲಮ್ಮ ಎರಡು ದಿನ ಅನ್ನ ಮುಟ್ಟಲಿಲ್ಲ. ಹೇಳಿದರೆ ತನ್ನ ಹಾಸು ಹೋಗುತ್ತದೆ, ಹೇಳದಿದ್ದರೆ ಗಂಗಲಕ್ಷ್ಮಮ್ಮನ ಮುಖ ಎದುರಿಗೆ ಬರುತ್ತದೆ. ಅತ್ತ ದರಿ, ಇತ್ತ ಪುಲಿ. ಮೂರನೆಯ ದಿನ ಮಧ್ಯಾಹ್ನ, ಎಜಮಾನ ಎಡಪ್ಪಾಡಿಗೆ ಹೋದದ್ದನ್ನು ನೋಡಿಕೊಂಡು, ಒಂದು ಬಟ್ಟಲು ಎಳ್ಳೆಣ್ಣೆ ಬಿಸಿ ಮಾಡಿ ಗೋಡೆಯಾಚೆಯ ಹಿತ್ತಿಲಿಗೆ ಹೋದಳು.

ಗಂಗಲಕ್ಷ್ಮಮ್ಮ ಕಲ್ಲಿನ ಮೇಲೆ ಕೂತಿದ್ದಳು. ಕೈಗೆ ಬಿದಿರ ಸೀಳು ಕಟ್ಟಿ, ಮೊಟ್ಟೆಯ ಲೋಳೆ ಬಳಿದ ಬಟ್ಟೆ ಸುತ್ತಿತ್ತು. ಬೆರಳುಗಳು ಊದಿಕೊಂಡಿದ್ದವು.

“ಅಕ್ಕ, ಎಣ್ಣೆ ತಂದಿದೀನಿ.”

“ಇಟ್ಟೋಗು.”

ಸಪ್ಪಲಮ್ಮ ಇಟ್ಟಳು, ಹೋಗಲಿಲ್ಲ.

“ಅಕ್ಕ, ಆ ಕೆಂಪು...”

“ಗೊತ್ತು. ಆ ಗಂಟು ಹಾಕೋದು ಈ ಬೀದೀಲಿ ಎಲ್ಡೇ ಕೈ. ಒಂದು ನಂದು, ಇನ್ನೊಂದಕ್ಕೆ ನಾನೇ ಕಲಿಸಿದ್ದು. ನಂದು ಬಿಳಿ ರಾಸೀಲಿ ಬಿದ್ದಿತ್ತು. ನೀನೂ ನೋಡ್ದೆ, ನಾನೂ ನೋಡ್ದೆ.”

“ಮತ್ತೆ ಯಾಕಕ್ಕ ತೋರಿಸ್ಲಿಲ್ಲ ನೀನು?”

ಗಂಗಲಕ್ಷ್ಮಮ್ಮ ಊದಿದ ಕೈಯನ್ನು ಮಡಿಲಲ್ಲಿ ಸರಿ ಮಾಡಿಕೊಂಡಳು.

“ತೋರಿಸಿದ್ರೆ ನಿನ್ನ ಬೀದಿಗೆ ತಳ್ದಂಗೆ. ನನ್ನ ಬಾಯಿಂದ ಆ ಕೆಲಸ ಆಗ್ಲಿಲ್ಲ. ನೀನೇ ಬಾಯಿ ಬಿಡ್ತೀಯ ಅಂತ ಕಾಯ್ತಿದ್ದೆ, ಸಪ್ಪಲಾ. ಮನೆ ಬಾಗ್ಲು ತಂಕ ಕಾಯ್ದೆ. ಆಮೇಲೆ ಒಳಗೂ ಕಾಯ್ದೆ. ನಿನ್ನ ಮಗ್ಗದ ಸದ್ದು ಕೇಳಿಸ್ತಾ ಇತ್ತು.”

ಸಪ್ಪಲಮ್ಮ ಎಣ್ಣೆಯ ಬಟ್ಟಲನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು. ಅತ್ತೆಯ ಪಕ್ಕದಲ್ಲಿ ಕೂತು, “ಅತ್ತೆ, ನಾಳೆ ನಮ್ಮ ಹಾಸು ಹಾಳಾಗಬಹುದು,” ಎಂದಳು. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡು, ಕಂಡಿಕೆ ಸುತ್ತುತ್ತಿದ್ದ ಕೈ ನಿಲ್ಲಿಸದೆ, “ಕಣ್ಣಿಲ್ಲದೋಳಿಗೂ ಮೂರು ದಿನದಿಂದ ಗೊತ್ತಿತ್ತು ಕಣೆ,” ಎಂದಳು. ಬೇಡ ಅನ್ನಲಿಲ್ಲ, ಹೇಳು ಅಂತಲೂ ಅನ್ನಲಿಲ್ಲ.

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಅವಳ ಹಾಸು ಪಾವಡಿಯಲ್ಲಿ ಬಿಚ್ಚಿಕೊಂಡಿತ್ತು. ಹನ್ನೆರಡು ಜನ ಕೋಲು ಹಿಡಿದು ನಿಂತಿದ್ದರು. ಪಾಪಣ್ಣ ಆ ತುದಿಯಲ್ಲಿ, ಅವಳು ಈ ತುದಿಯಲ್ಲಿ. ಎಜಮಾನ ಹುಣಸೆಮರದ ಕಲ್ಲಿನ ಮೇಲೆ ಕೂತು ಬೇವಿನ ಕಡ್ಡಿ ಜಗಿಯುತ್ತಿದ್ದ. ಗಂಜಿ ಎರಚಿ ಆಗಿತ್ತು, ಕುಂಚ ಒಂದು ಸಲ ಹೋಗಿ ಬಂದಿತ್ತು. ಕೆಲಸ ಮುಗಿದ ಮೇಲೆ ಹೇಳಿದರೇನು ಎಂದು ರಾತ್ರಿಯೆಲ್ಲ ಅವಳ ಭಯ ಅವಳಿಗೆ ಬುದ್ಧಿ ಹೇಳಿತ್ತು. ಹಾಸು ಒಣಗಲಿ, ಸುತ್ತಿಟ್ಟು ಮನೆಗೊಯ್ದು, ಆಮೇಲೆ ಹೇಳು. ಆದರೆ ತಾನು ಎಂಥವಳೆಂದು ಅವಳಿಗೆ ಗೊತ್ತಿತ್ತು. ಹಾಸು ಒಣಗಿದರೆ ಬಾಯಿಯೂ ಒಣಗುತ್ತದೆ.

“ಆ ಕೆಂಪು ಗಂಟು ನಂದು,” ಎಂದಳು.

ದನಿ ಎಷ್ಟು ಸಣ್ಣದಾಗಿ ಬಂತೆಂದರೆ ಪಕ್ಕದವನಿಗೆ ಮಾತ್ರ ಕೇಳಿಸಿತು. ಅವನು ಬೆಪ್ಪಾಗಿ ನೋಡಿದ. ಅವಳು ಇನ್ನೊಂದು ಸಲ ಹೇಳಬೇಕಾಯಿತು. ಎರಡನೆಯ ಸಲ ಅದು ಕಿರುಚಿದಂತೆ ಹೊರಟಿತು.

“ಆ ಕೆಂಪು ಗಂಟು ನಂದು! ಅಕ್ಕ ಬಿಳೀನೇ ಹಾಕಿದ್ಲು. ಬಿಳಿ ರಾಸೀಲಿ ಅವಳ ಗಂಟಿತ್ತು, ನಾನು ನೋಡ್ದೆ. ಎದ್ರಿಕೆಗೆ ಬಾಯಿ ಬಿಡ್ಲಿಲ್ಲ. ಆ ಗಂಟು ನನಗೆ ಕಲಿಸಿದ್ದೇ ಅವಳು.”

ಕುಂಚ ನಿಂತಿತು. ಪಾಪಣ್ಣ ಬಾಯಿ ತೆರೆದುಕೊಂಡು ನಿಂತ. ಎಲ್ಲರೂ ನೋಡಿದ್ದು ಅವಳನ್ನಲ್ಲ, ಚಿಕ್ಕಮುನಿಯಪ್ಪನನ್ನು. ಅವನ ಕೈಯ ಬೇವಿನ ಕಡ್ಡಿ ಕೆಳಗೆ ಬಿತ್ತು. ಹೆಂಡತಿ ತನ್ನ ಮಾತು ಮೀರಿರಲಿಲ್ಲ, ತಾನು ಮುರಿದದ್ದು ಯಾರ ಕೈ ಎಂದು ಅವನಿಗೂ ಹನ್ನೆರಡು ಜನಕ್ಕೂ ಒಟ್ಟಿಗೇ ತಿಳಿಯಿತು. ಆದರೆ ಎಜಮಾನನಾದವನು ತಪ್ಪಾಯಿತು ಎನ್ನುವುದು ಸುಲಭವೇ? ಎದ್ದು ನಿಂತ.

“ಬಿಡ್ರೋ,” ಎಂದ.

ಮೊದಲು ಪಕ್ಕದವನು ಬಿಟ್ಟ. ಆಮೇಲೆ ಅವನ ಪಕ್ಕದವನು. ಕೋಲುಗಳು ಒಂದೊಂದೇ ಕೆಳಗಿಳಿದವು, ಒದ್ದೆ ಹಾಸು ನಡುವೆ ಜೋತು ಮಣ್ಣಿಗೆ ಮುಟ್ಟಿತು. ಪಾಪಣ್ಣ ಕೊನೆಗೆ ಬಿಟ್ಟ, ಅಳುಮೋರೆ ಮಾಡಿಕೊಂಡು. ಸಪ್ಪಲಮ್ಮ ತನ್ನ ತುದಿಯನ್ನು ಹಿಡಿದು ನಿಂತೇ ಇದ್ದಳು. ಮೂಡಣದಲ್ಲಿ ಬಿಸಿಲು ಮರದ ಬುಡಕ್ಕೆ ಬಂದಿತ್ತು. ಇನ್ನು ಅರ್ಧ ಗಳಿಗೆ, ಅಷ್ಟೇ.

ಬೀದಿಯ ಕಡೆಯಿಂದ ಯಾರೋ ಬರುವುದು ಕಾಣಿಸಿತು. ಗಂಗಲಕ್ಷ್ಮಮ್ಮ. ಕಿರುಚಿದ್ದು ಅವಳ ಹಿತ್ತಿಲಿಗೂ ಕೇಳಿಸಿತ್ತು. ಕಟ್ಟು ಹಾಕಿದ ಕೈಯನ್ನು ಸೆರಗಿನಿಂದ ಕೊರಳಿಗೆ ತೂಗು ಹಾಕಿಕೊಂಡು, ಗಂಡನ ಮುಂದೆಯೇ ಹಾದು, ಅವನ ಕಡೆ ನೋಡದೆ ಪಾವಡಿಗೆ ಇಳಿದಳು. ಹಾಸಿನ ಆ ತುದಿಗೆ ಹೋದಳು. ಬಗ್ಗಿ, ಮಣ್ಣಿಗೆ ಬಿದ್ದಿದ್ದ ಕೋಲನ್ನು ಎಡಗೈಯಲ್ಲಿ ಎತ್ತಿ ಎದೆಗೆ ಒತ್ತಿ ಹಿಡಿದಳು.

ಎಜಮಾನ ಎರಡು ಹೆಜ್ಜೆ ಮುಂದೆ ಬಂದು ನಿಂತ. ಇನ್ನೊಂದು ಕೈಯನ್ನು ಮುರಿಯುತ್ತೇನೆಂದು ಹಗಲು ಹೊತ್ತಿನಲ್ಲಿ ಅಷ್ಟು ಜನರ ಮುಂದೆ ಹೇಳುವುದು ಹೇಗೆ? ಪಾಪಣ್ಣ ಮೂಗು ಒರೆಸಿಕೊಂಡು ಬಂದು ಅವಳ ಪಕ್ಕದ ಕೋಲು ಎತ್ತಿದ. ಆಮೇಲೆ ಇನ್ನೊಬ್ಬ. ಐದು ಜನ ಬಂದರು. ಮಿಕ್ಕವರು ಎಜಮಾನನ ಹಿಂದೆ ನಿಂತು ನೆಲ ನೋಡುತ್ತಿದ್ದರು.

ಹಾಸು ಮಣ್ಣಿನಿಂದ ಮೇಲೆದ್ದಿತು. ಸಪ್ಪಲಮ್ಮನಿಗೆ ಕಣ್ಣು ಮಂಜಾಗಿ ಏನೂ ಕಾಣಿಸುತ್ತಿರಲಿಲ್ಲ.

“ಅಕ್ಕ...” ಎಂದಳು.

“ಅಕ್ಕ ಗಿಕ್ಕ ಅನ್ಬೇಡ,” ಎಂದಳು ಗಂಗಲಕ್ಷ್ಮಮ್ಮ ಆ ತುದಿಯಿಂದ. “ನನ್ನ ಸಿಟ್ಟು ಓಗಿಲ್ಲ. ಓಗೋದೂ ಇಲ್ಲ. ಬಿಗಿಯಾಗಿ ಇಡ್ಕೊ, ಗಂಜಿ ಒಣಗ್ತೈತೆ.”

ಸಪ್ಪಲಮ್ಮ ಬಿಗಿಯಾಗಿ ಹಿಡಿದುಕೊಂಡಳು.